ಕೆರೆಯ ಏರಿ, ಊರಿನ ಕಟ್ಟೆ ಮತ್ತು ಮನಸ್ಸಿನ ದಿಗಿಲು

ಮನಸ್ಸಿನ ಸ್ವಾಸ್ಥ್ಯವನ್ನು ಹೇಳಲು ಕನ್ನಡದಲ್ಲಿ ಬೆರಳೆಣಿಕೆಯ ಪದಗಳಿವೆ. ಅದು ಕೆಟ್ಟಾಗ ಹೇಳಲು ಮಾತ್ರ ಹತ್ತಾರು. ಕಳವಳ, ತಳಮಳ, ದಿಗಿಲು, ಅಳುಕು, ದುಗುಡ, ಗಾಬರಿ, ಅಂಜಿಕೆ ಎಂದು ಎಣಿಸುತ್ತ ಹೋಗಬಹುದು. ಇವು ಒಂದೇ ಅಲ್ಲ. ಕಳವಳದಲ್ಲಿ ಮನಸ್ಸು ಕಲಕಿದ ನೀರಿನಂತಾಗುತ್ತದೆ. ತಳಮಳದಲ್ಲಿ ಕುಳಿತಲ್ಲಿ ಕುಳಿತಿರಲಾಗದು. ದಿಗಿಲಿನಲ್ಲಿ ಎದೆ ಧಸಕ್ಕೆನ್ನುತ್ತದೆ. ಇಷ್ಟು ಸೂಕ್ಷ್ಮವಾಗಿ ಭೇದವನ್ನು ಗುರುತಿಸಿದ ನಮ್ಮ ಹಿರಿಯರು ಈ ಅವಸ್ಥೆಗಳನ್ನು ಚೆನ್ನಾಗಿ ಅನುಭವಿಸಿದವರೇ ಆಗಿರಬೇಕು. ಈ ಕಾಲದಲ್ಲಿ ಮಾತ್ರ ಮನುಷ್ಯರಿಗೆ ಆತಂಕ ಹೆಚ್ಚಿತು, ಹಿಂದಿನವರು ನಿಶ್ಚಿಂತರಾಗಿದ್ದರು ಎಂಬ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಸಾದಲಿಯ ಕಡೆ ಈ ಪದಸಂಪತ್ತು ಇನ್ನಷ್ಟು ದೊಡ್ಡದು. ಶಿಡ್ಲಘಟ್ಟ ತಾಲ್ಲೂಕಿನ ಈ ಹೋಬಳಿಯಲ್ಲಿ ಎಷ್ಟೋ ಮನೆಗಳ ಒಳಮಾತು ತೆಲುಗು, ಶಾಲೆ ಕಚೇರಿಗಳ ಮಾತು ಕನ್ನಡ. ಕನ್ನಡದಲ್ಲಿ ದಿಗಿಲು ಎಂದರೆ ಹಠಾತ್ತಾಗಿ ಬಂದೆರಗುವ ಭಯ. ತೆಲುಗಿನ ದಿಗುಲು ನಿಧಾನವಾದುದು. ಒಳಗೇ ಕೊರೆಯುವ ಚಿಂತೆ. ಒಂದೇ ಬೇರಿನಂತೆ ತೋರುವ ಈ ಎರಡು ಮಾತುಗಳ ನಡುವೆ ಇಂದಿನ ವೈದ್ಯರು ಮಾಡುವ ಒಂದು ವಿಂಗಡಣೆ ಅಡಗಿದೆಯೆಂಬುದು ಆಶ್ಚರ್ಯಕರ. ಇದ್ದಕ್ಕಿದ್ದಂತೆ ಎದೆ ಹೊಡೆದುಕೊಂಡು ಬೆವರಿ ಪ್ರಾಣವೇ ಹೋದೀತು ಎನ್ನಿಸುವುದು ಒಂದು ಬಗೆ. ತಿಂಗಳುಗಟ್ಟಲೆ ಯಾವುದೋ ಒಂದು ಚಿಂತೆ ಬಿಡದೆ ನಿದ್ರೆಯನ್ನು ತಿನ್ನುವುದು ಇನ್ನೊಂದು ಬಗೆ.

ಆತಂಕ ಎಂಬ ಮಾತಿನ ಕಥೆಯೂ ಕೇಳತಕ್ಕದ್ದೇ. ಲೋಕವ್ಯವಹಾರದಲ್ಲಿ ಅದಕ್ಕೆ ಅಡ್ಡಿ ಎಂಬ ಅರ್ಥವುಂಟು. 'ಮದುವೆ ನಿರಾತಂಕವಾಗಿ ನೆರವೇರಿತು' ಎಂದು ಬರೆಯುತ್ತೇವಷ್ಟೆ. ಆದರೆ ಚರಕಸಂಹಿತೆಯು ವ್ಯಾಧಿ, ಆಮಯ, ಗದ, ವಿಕಾರ ಮುಂತಾದ ರೋಗವಾಚಕಗಳ ಸಾಲಿನಲ್ಲಿಯೇ ಆತಂಕವನ್ನೂ ಇಟ್ಟಿದೆ. ಅದೇ ಗ್ರಂಥವು ಕಾಮಕ್ರೋಧಾದಿಗಳೊಂದಿಗೆ ಚಿತ್ತೋದ್ವೇಗವನ್ನು ಮಾನಸ ವಿಕಾರಗಳಲ್ಲಿ ಎಣಿಸಿ, ಭಯವನ್ನು ಅದರಿಂದ ಬೇರೆಯಾಗಿಯೇ ಹೇಳಿದೆ. ಭಯಕ್ಕೆ ಎದುರಿಗೊಂದು ವಸ್ತು ಇರುತ್ತದೆ: ಹಾವು, ಸಾಲಗಾರ, ಸಿಡಿಲು. ಉದ್ವೇಗಕ್ಕೆ ಅದು ಬೇಕಾಗಿಲ್ಲ. ನಾಳೆ ಎಂಬುದೊಂದಿದ್ದರೆ ಸಾಕು.

ಇಷ್ಟನ್ನು ಪೀಠಿಕೆಯಾಗಿ ಹೇಳಿದ್ದಕ್ಕೆ ಕಾರಣವಿದೆ. ನಮ್ಮ ಮನೆಗಳಲ್ಲಿ ವಯಸ್ಕರ ಆತಂಕವನ್ನು ರೋಗವೆಂದೂ ಬಗೆಯುವುದಿಲ್ಲ, ಅನುಭವವೆಂದೂ ಗೌರವಿಸುವುದಿಲ್ಲ. 'ಗಂಡಸಾಗಿ ಹೆದರುತ್ತೀಯಾ' ಎಂದೋ, 'ಅವಳದ್ದು ಯಾವಾಗಲೂ ಇದ್ದದ್ದೇ' ಎಂದೋ ಹೇಳಿ ಮುಗಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ೨೦೧೯ರಲ್ಲಿ ಜಗತ್ತಿನ ೩೦ ಕೋಟಿ ಜನರು ಆತಂಕದ ಕಾಯಿಲೆಗಳಿಂದ ಬಳಲುತ್ತಿದ್ದರು. ಮಾನಸಿಕ ಕಾಯಿಲೆಗಳ ಪೈಕಿ ಇದೇ ಅತ್ಯಂತ ಸಾಮಾನ್ಯವಾದುದು. ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಚಿಕಿತ್ಸೆ ಪಡೆಯುವವರು ನಾಲ್ವರಲ್ಲಿ ಒಬ್ಬರು ಮಾತ್ರ.

ದೇಹದಲ್ಲಿ ನಡೆಯುವುದೇನು?

ಅಮೆರಿಕದ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ೧೯೧೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಅಪಾಯ ಎದುರಾದಾಗ ಪ್ರಾಣಿಯ ದೇಹವು ಹೋರಾಡಲು ಅಥವಾ ಓಡಲು ಹೇಗೆ ಸನ್ನದ್ಧವಾಗುತ್ತದೆಂಬುದನ್ನು ವಿವರಿಸಿದನು. ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಹೃದಯ ವೇಗವಾಗಿ ಬಡಿಯುತ್ತದೆ, ಉಸಿರು ಮೇಲುಮೇಲಾಗುತ್ತದೆ, ರಕ್ತವು ಹೊಟ್ಟೆಯನ್ನು ಬಿಟ್ಟು ಕೈಕಾಲುಗಳ ಸ್ನಾಯುಗಳಿಗೆ ಹರಿಯುತ್ತದೆ. ಆದ್ದರಿಂದಲೇ ಹೆದರಿದವನಿಗೆ ಹೊಟ್ಟೆಯಲ್ಲಿ ಸಂಕಟ, ಬಾಯಲ್ಲಿ ಪಸೆ ಇರದು, ಕೈ ನಡುಕ. ಚಿರತೆಯೆದುರು ಇದು ಪ್ರಾಣವನ್ನುಳಿಸುವ ವ್ಯವಸ್ಥೆ. ಬ್ಯಾಂಕಿನ ನೋಟೀಸಿನೆದುರು ಓಡುವುದೂ ಹೋರಾಡುವುದೂ ಸಾಧ್ಯವಿಲ್ಲ. ದೇಹ ಮಾತ್ರ ಸಜ್ಜಾಗಿಯೇ ನಿಂತಿರುತ್ತದೆ, ದಿನವೂ, ರಾತ್ರಿಯೂ.

ಇದನ್ನು ತಿಳಿಯದವರು ಹೃದಯಾಘಾತವೇ ಆಯಿತೆಂದು ಆಸ್ಪತ್ರೆಗೆ ಧಾವಿಸುತ್ತಾರೆ. ಮೊದಲ ಬಾರಿ ಧಾವಿಸುವುದು ತಪ್ಪಲ್ಲ, ಅವಶ್ಯವೇ. ಎದೆನೋವನ್ನು ಮನೆಯಲ್ಲಿಯೇ ಕುಳಿತು 'ಇದು ಬರಿಯ ಚಿಂತೆ' ಎಂದು ತೀರ್ಮಾನಿಸುವ ಅಧಿಕಾರ ಯಾರಿಗೂ ಇಲ್ಲ. ಥೈರಾಯ್ಡ್ ಗ್ರಂಥಿಯ ದೋಷ, ರಕ್ತಹೀನತೆ, ಮಿತಿಮೀರಿದ ಕಾಫಿ ಟೀ ಸೇವನೆ ಇವುಗಳಿಂದಲೂ ಎದೆಬಡಿತ ಏರುವುದುಂಟು. ಪರೀಕ್ಷೆ ಮಾಡಿಸಿ ಹೃದಯ ಸರಿಯಾಗಿದೆಯೆಂದು ವೈದ್ಯರು ಹೇಳಿದ ಮೇಲೂ ಮತ್ತೆ ಮತ್ತೆ ಅದೇ ಆದರೆ, ಆಗ ಮನಸ್ಸಿನ ಕಡೆಗೆ ನೋಡಬೇಕು.

ಹುಳುಮನೆಯ ಇಪ್ಪತ್ತೈದು ದಿನ

ಸಾದಲಿ ಸೀಮೆಯ ಗೃಹಸ್ಥನ ಚಿಂತೆ ಯಾವುದೆಂದು ಕೇಳಿದರೆ ಉತ್ತರಕ್ಕಾಗಿ ದೂರ ಹೋಗಬೇಕಿಲ್ಲ. ಅವನ ಹುಳುಮನೆಯ ಬಾಗಿಲು ತೆರೆದರೆ ಸಾಕು. ಶಿಡ್ಲಘಟ್ಟವು ರೇಷ್ಮೆಗೆ ಹೆಸರಾದ ಊರು. ಸುತ್ತಲ ಹಳ್ಳಿಗಳಲ್ಲಿ ಹಿಪ್ಪುನೇರಳೆಯ ತೋಟ, ಪಟ್ಟಣದಲ್ಲಿ ಗೂಡಿನ ಮಾರುಕಟ್ಟೆ, ಅದರ ಬೆನ್ನಿಗೆ ನೂಲು ಬಿಚ್ಚುವ ರೀಲರುಗಳ ಮನೆಗಳು. ಈ ಕಸುಬಿನಷ್ಟು ಮನುಷ್ಯನನ್ನು ಉಸಿರು ಬಿಗಿಹಿಡಿದು ನಿಲ್ಲಿಸುವ ಕಸುಬು ಇನ್ನೊಂದಿರಲಾರದು.

ಮೊಟ್ಟೆಯೊಡೆದ ಹುಳು ಗೂಡು ಕಟ್ಟುವವರೆಗೆ ಹೆಚ್ಚುಕಡಿಮೆ ಇಪ್ಪತ್ತೈದು ದಿನ. ಈ ಅವಧಿಯಲ್ಲಿ ಅದು ನಾಲ್ಕು ಬಾರಿ ಸೊಪ್ಪು ಬಿಟ್ಟು, ತಲೆಯೆತ್ತಿ, ಅಲುಗದೆ ನಿಂತು ಪೊರೆ ಕಳಚುತ್ತದೆ. ನಮ್ಮ ರೈತರು ಇದನ್ನು ಜ್ವರವೆಂದು ಕರೆಯುತ್ತಾರೆ: ಒಂದನೇ ಜ್ವರ, ಎರಡನೇ ಜ್ವರ. ಹೆಸರೇ ಹೇಳುವುದಿಲ್ಲವೇ, ಸಾಕುವವನ ಮನಸ್ಥಿತಿಯನ್ನು! ಇಂದು ಬಹುಮಂದಿ ಚಾಕಿ ಕೇಂದ್ರಗಳಿಂದ ಎರಡನೇ ಜ್ವರ ಎದ್ದ ಹುಳುವನ್ನೇ ತರುವುದರಿಂದ ಮೊದಲ ದಿನಗಳ ಕಷ್ಟ ಕಡಿಮೆಯಾಗಿದೆ. ಆದರೆ ನಾಲ್ಕನೇ ಜ್ವರದ ನಂತರದ ವಾರವಿದೆಯಲ್ಲ, ಹುಳು ತನ್ನ ಜೀವಮಾನದ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚನ್ನು ತಿನ್ನುವುದು ಆಗಲೇ. ಮನೆಯ ಹೆಂಗಸರಿಗೂ ಗಂಡಸರಿಗೂ ನಿದ್ರೆಯಿಲ್ಲ. ಹಾಲುರೋಗ ಬಂದೀತು, ಸುಣ್ಣಕಟ್ಟು ತಗುಲೀತು, ಸಪ್ಪೆರೋಗ ಹಿಡಿದೀತು. ೧೯೮೦ರಲ್ಲಿ ಕರ್ನಾಟಕದಲ್ಲಿ ಕಾಣಿಸಿಕೊಂಡ ಊಜಿ ನೊಣ ಕಿಟಕಿಯ ಪರದೆಯ ಸಂದಿಯಲ್ಲಿ ನುಗ್ಗೀತು. ಪಕ್ಕದ ಹೊಲದವನು ತರಕಾರಿಗೋ ದ್ರಾಕ್ಷಿಗೋ ಹೊಡೆದ ಔಷಧಿ ಗಾಳಿಯಲ್ಲಿ ತೇಲಿ ನೇರಳೆ ಸೊಪ್ಪಿನ ಮೇಲೆ ಕುಳಿತರೆ ಒಂದೇ ರಾತ್ರಿಗೆ ಎಲ್ಲ ಮುಗಿಯಿತು.

ಹುಳು ಹಣ್ಣಾಗಿ ಚಂದ್ರಿಕೆಗೆ ಏರಿತು, ಗೂಡು ಕಟ್ಟಿತು ಎಂದುಕೊಳ್ಳಿ. ಅಲ್ಲಿಗೆ ಚಿಂತೆ ಮುಗಿಯಿತೇ? ಇಲ್ಲ. ರಾಗಿಯಾದರೆ ಕಣಜದಲ್ಲಿಟ್ಟು ಬೆಲೆ ಬಂದಾಗ ಮಾರಬಹುದು. ಗೂಡನ್ನು ಇಟ್ಟುಕೊಳ್ಳಲಾಗದು, ತಡವಾದರೆ ಚಿಟ್ಟೆ ಗೂಡನ್ನು ತೂತು ಮಾಡಿ ಹೊರಬರುತ್ತದೆ, ನೂಲು ಹಾಳಾಗುತ್ತದೆ. ಅಂದಿನ ಹರಾಜಿನಲ್ಲಿ ಅಂದಿನ ಬೆಲೆಗೆ ಕೊಟ್ಟುಬರಬೇಕು. ಇಪ್ಪತ್ತೈದು ದಿನಗಳ ದುಡಿಮೆಯ ಫಲ ಕೆಲವು ನಿಮಿಷಗಳಲ್ಲಿ ನಿಶ್ಚಯವಾಗುತ್ತದೆ.

ಇಂಥ ರೈತನಿಗೆ 'ಚಿಂತೆ ಮಾಡಬೇಡ' ಎಂದು ಉಪದೇಶಿಸುವುದು ಅವಿವೇಕ. ಅವನ ಚಿಂತೆಯಲ್ಲಿ ಒಂದು ಪಾಲು ಕಸುಬಿನ ಅಂಗವೇ. ರಾತ್ರಿ ಎದ್ದು ಹುಳುಮನೆಯ ಶಾಖ ನೋಡಿ ಬರುವುದು ಜಾಗರೂಕತೆ. ನೋಡಿ ಬಂದ ಹತ್ತು ನಿಮಿಷಕ್ಕೆ ಮತ್ತೆ ಎದ್ದು ಹೋಗುವುದು, ಮತ್ತೆ ಹತ್ತು ನಿಮಿಷಕ್ಕೆ, ಬೆಳಗಿನವರೆಗೆ, ಹುಳು ಆರೋಗ್ಯವಾಗಿದ್ದಾಗಲೂ ಹೀಗೆ ಮಾಡುವುದು ಆತಂಕ. ಮೊದಲನೆಯದು ಹುಳುವಿಗಾಗಿ, ಎರಡನೆಯದು ತನ್ನ ಎದೆಯ ಬಡಿತವನ್ನು ಅಡಗಿಸುವುದಕ್ಕಾಗಿ. ಕೆಲಸದಿಂದ ಕೆಲಸ ಸಾಗುತ್ತಿದೆಯೇ, ಇಲ್ಲವೇ ಎದೆಬಡಿತಕ್ಕೆ ಮಾತ್ರ ಉತ್ತರ ಕೊಡುತ್ತಿದ್ದೇವೆಯೇ ಎಂಬ ಪ್ರಶ್ನೆಯನ್ನು ಪ್ರತಿಯೊಬ್ಬರೂ ತಮಗೆ ತಾವೇ ಹಾಕಿಕೊಳ್ಳಬಹುದು.

ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನಿಗೆ ದಿನಕ್ಕೆ ಹತ್ತು ಸಲ ಫೋನ್ ಮಾಡುವ ತಂದೆತಾಯಿಗಳ ಸ್ಥಿತಿಯೂ ಇದೇ. ಮಗನ ದನಿ ಕೇಳಿದೊಡನೆ ಸಮಾಧಾನ. ಅರ್ಧ ಗಂಟೆಯ ಮೇಲೆ ಮತ್ತೆ ಸಂದೇಹ. ಸಮಾಧಾನವನ್ನು ಹೊರಗಿನಿಂದ ಪಡೆದಷ್ಟೂ ಅದರ ಬಾಳಿಕೆ ಕಡಿಮೆಯಾಗುತ್ತದೆ. ಹೆದರಿದ ಸ್ಥಳದಿಂದ ತಪ್ಪಿಸಿಕೊಂಡರೂ ಹಾಗೆಯೇ. ಒಮ್ಮೆ ಬಸ್ಸಿನಲ್ಲಿ ಎದೆ ಹೊಡೆದುಕೊಂಡಿತೆಂದು ಬಸ್ಸು ಹತ್ತುವುದನ್ನು ಬಿಟ್ಟವರಿಗೆ ಮುಂದೆ ಸಂತೆ ಭಯವಾಗುತ್ತದೆ, ಅನಂತರ ಜಾತ್ರೆ, ಕೊನೆಗೆ ಮನೆಯ ಹೊಸ್ತಿಲು. ಇದಕ್ಕೆ ಮನೋವೈದ್ಯರು ಹೇಳುವ ಮದ್ದು ಸರಳ: ಹೆದರಿಸುವ ಕೆಲಸವನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆದು, ಜೊತೆಗೊಬ್ಬರನ್ನು ಕರೆದುಕೊಂಡು, ನಿತ್ಯವೂ ಒಂದೊಂದು ಮೆಟ್ಟಿಲು ಏರುವುದು. ಭಯ ಏರಿ ತಾನಾಗಿ ಇಳಿಯುವವರೆಗೆ ಅಲ್ಲಿಯೇ ನಿಲ್ಲುವುದು. ಏರಿದ ಭಯ ಇಳಿದೇ ಇಳಿಯುತ್ತದೆ, ದೇಹವು ಸದಾಕಾಲ ಆ ವೇಗವನ್ನು ಹಿಡಿದಿಡಲಾರದು.

ಊರಿನ ಕೆರೆ, ಒಬ್ಬನ ಕೊಳವೆಬಾವಿ

ಈ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಪಾಪಘ್ನಿಯು ಶಿಡ್ಲಘಟ್ಟದ ಸೀಮೆಯಲ್ಲಿ ಹುಟ್ಟಿ ಆಂಧ್ರದ ಕಡೆಗೆ ಹೊರಟು ಪೆನ್ನಾರನ್ನು ಸೇರುತ್ತದೆ. ಹುಟ್ಟಿದ ನೆಲಕ್ಕೆ ಅದರಿಂದ ದೊರಕುವುದು ಅತ್ಯಲ್ಪ. ಆದ್ದರಿಂದಲೇ ಹಿಂದಿನವರು ಕೆರೆಗಳನ್ನು ಸರಪಳಿಯಂತೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ತೂಬು ತೆಗೆಯಲು, ಗದ್ದೆಗದ್ದೆಗೆ ನೀರು ಬಿಡಲು ನೀರಗಂಟಿಯಿದ್ದನು. ಮಳೆ ಬಾರದಿದ್ದರೆ ಇಡೀ ಊರು ಆಕಾಶ ನೋಡುತ್ತಿತ್ತು. ಏರಿಯ ಮೇಲೆ ನಿಂತು 'ಈ ಸಲ ಹೇಗಪ್ಪಾ' ಎಂದು ಒಬ್ಬ ಕೇಳಿದರೆ ಹತ್ತು ಮಂದಿ 'ನಿನಗಾದದ್ದೇ ನಮಗೂ' ಎನ್ನುತ್ತಿದ್ದರು. ಕಷ್ಟ ಕಡಿಮೆಯಿರಲಿಲ್ಲ, ನೀರಿಗಾಗಿ ಜಗಳಗಳೂ ಬೇಕಾದಷ್ಟಿದ್ದವು. ಆದರೆ ಚಿಂತೆ ಎಲ್ಲರ ಕಣ್ಣೆದುರಿಗಿತ್ತು.

ಕೊಳವೆಬಾವಿ ಬಂದ ಮೇಲೆ ಈ ಲೆಕ್ಕ ಬದಲಾಯಿತು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಸಾವಿರ, ಸಾವಿರದೈನೂರು ಅಡಿಗಳವರೆಗೆ ಕೊರೆಯುವುದು ಸಾಮಾನ್ಯವಾಯಿತು. ಲಕ್ಷಾಂತರ ರೂಪಾಯಿ ಸಾಲ, ಕೊರೆದಲ್ಲಿ ನೀರು ಬಂದೀತೆಂಬ ಭರವಸೆಯಿಲ್ಲ; ಬಂದರೂ ಎಷ್ಟು ದಿನವೋ, ಅದರಲ್ಲಿ ಫ್ಲೋರೈಡ್ ಎಷ್ಟೋ. ನೀರು ಸಿಕ್ಕವನು ತನ್ನ ಪಾಡಿಗೆ ತಾನು ಮೋಟಾರು ಹಾಕುತ್ತಾನೆ. ಸಿಗದವನು ನಾಚಿಕೆಯಿಂದ ಬಾಯಿ ಮುಚ್ಚಿಕೊಳ್ಳುತ್ತಾನೆ. ಬತ್ತಿದ ಕೆರೆ ಊರಿನ ದುಃಖವಾಗಿತ್ತು. ಬತ್ತಿದ ಕೊಳವೆಬಾವಿ ಒಬ್ಬನ ಸೋಲು ಎನ್ನಿಸಿಕೊಳ್ಳುತ್ತದೆ. ನೆಲದೊಳಗಿನ ನೀರು ಮಾತ್ರ ಎಲ್ಲರದೂ ಒಂದೇ ಎಂಬುದನ್ನು ಯಾರೂ ನೆನೆಯುವುದಿಲ್ಲ. ಈ ಸೀಮೆಯ ಗಂಡಸರ ಆತಂಕಕ್ಕೆ ಬರಗಾಲಕ್ಕಿಂತಲೂ ಈ ಏಕಾಕಿತನವೇ ದೊಡ್ಡ ಕಾರಣವೆಂದು ನನ್ನ ಅಭಿಪ್ರಾಯ. ಬೇರೆಯವರು ಒಪ್ಪದಿರಬಹುದು.

೨೦೨೧ರ ನವೆಂಬರಿನ ಮಳೆಗೆ ಈ ಭಾಗದ ಎಷ್ಟೋ ಕೆರೆಗಳು ಬಹುವರ್ಷಗಳ ಮೇಲೆ ತುಂಬಿ ಕೋಡಿ ಹರಿದವು. ಬೆಳೆ ಹಾನಿಯಾದ ಮಳೆ ಅದು. ರಾಗಿ ನೆಲ ಕಚ್ಚಿತು, ಮನೆಗಳು ಬಿದ್ದವು. ಆದರೂ ಜನರು ಮಕ್ಕಳುಮರಿಗಳೊಂದಿಗೆ ಕೋಡಿ ನೋಡಲು ಹೋದರು, ಗಂಗೆಗೆ ಬಾಗಿನ ಅರ್ಪಿಸಿದರು. ನಷ್ಟದ ನಡುವೆಯೂ ಅವರ ಮುಖದಲ್ಲಿ ಕಂಡ ಹಗುರತನಕ್ಕೆ ನೀರಷ್ಟೇ ಕಾರಣವಾಗಿರಲಿಲ್ಲ. ಊರೆಲ್ಲ ಒಂದೆಡೆ ನಿಂತು ಒಂದೇ ವಸ್ತುವನ್ನು ನೋಡಿ ಎಷ್ಟು ಕಾಲವಾಗಿತ್ತೋ!

ತೋಪಿನ ನೆರಳು

ಹಸುರನ್ನು ಕಂಡರೆ ಮನಸ್ಸು ತಣಿಯುತ್ತದೆಂಬುದು ಕವಿಗಳ ಮಾತೆಂದು ಬದಿಗಿಡಬೇಕಾಗಿಲ್ಲ. ರೋಜರ್ ಉಲ್ರಿಚ್ ಎಂಬ ವಿದ್ವಾಂಸನು ೧೯೮೪ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದನು. ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ೪೬ ರೋಗಿಗಳಲ್ಲಿ ಅರ್ಧದಷ್ಟು ಮಂದಿಯ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದವರ ಕಿಟಕಿಯಿಂದ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ತೀವ್ರವಾದ ನೋವಿನ ಔಷಧಿ ಅವರಿಗೆ ಕಡಿಮೆ ಸಾಕಾಯಿತು. ೪೬ ಮಂದಿಯ ಲೆಕ್ಕ ಚಿಕ್ಕದೇ ನಿಜ. ಆದರೆ ಅನಂತರ ನಾನಾ ದೇಶಗಳಲ್ಲಿ ನಡೆದ ಅಧ್ಯಯನಗಳೂ ಬಹುಮಟ್ಟಿಗೆ ಇದೇ ದಿಕ್ಕನ್ನು ತೋರಿಸಿವೆ. ಜಪಾನಿನ ಅರಣ್ಯ ಇಲಾಖೆ ೧೯೮೨ರಲ್ಲಿಯೇ 'ಶಿನ್‌ರಿನ್ ಯೋಕು' ಎಂಬ ಹೆಸರನ್ನು ಬಳಕೆಗೆ ತಂದಿತು. ವನಸ್ನಾನವೆಂದು ಅದರ ಅರ್ಥ. ಕಾಡಿನಲ್ಲಿ ಏನನ್ನೂ ಸಾಧಿಸದೆ, ನಿಧಾನವಾಗಿ, ಕಣ್ಣು ಕಿವಿ ಮೂಗುಗಳನ್ನು ತೆರೆದು ಓಡಾಡುವುದು ಅಷ್ಟೆ.

ನಮಗೆ ಜಪಾನಿನ ಕಾಡು ಬೇಡ. ಕೋಲಾರದ ಸೀಮೆಯಲ್ಲಿ ಪ್ರತಿ ಊರಿಗೂ ಗುಂಡುತೋಪು ಇರುತ್ತಿದ್ದ ಕಾಲವೊಂದಿತ್ತು. ಹೊಂಗೆ, ಬೇವು, ಹುಣಸೆ, ಮಾವು, ನೇರಳೆ. ದನ ಕಾಯುವವರಿಗೂ ದಾರಿಹೋಕರಿಗೂ ನೆರಳು. ಅವುಗಳಲ್ಲಿ ಹಲವು ಒತ್ತುವರಿಯಾದವು, ಹಲವು ನಿವೇಶನಗಳಾದವು. ಉಳಿದಿರುವ ತೋಪನ್ನು ಉಳಿಸಿಕೊಳ್ಳುವುದು ಪರಿಸರದ ವಿಷಯವೆಂದು ಮಾತ್ರ ತಿಳಿಯಬಾರದು, ಅದು ಊರಿನ ಆರೋಗ್ಯದ ವಿಷಯವೂ ಹೌದು.

ನಾವು ಮಠದಲ್ಲಿ ಉಚಿತ ಪ್ರಸಾದನಿಲಯದ ವಿದ್ಯಾರ್ಥಿಗಳಾಗಿದ್ದಾಗ ಮನೆಯ ನೆನಪಿನಿಂದ ಊಟ ಬಿಟ್ಟು ಅಳುವ ಹುಡುಗರು ಪ್ರತಿವರ್ಷವೂ ಇರುತ್ತಿದ್ದರು. ನಮ್ಮನ್ನು ನೋಡಿಕೊಳ್ಳುತ್ತಿದ್ದ ಹಿರಿಯರು ಅಂಥವರಿಗೆ ಬುದ್ಧಿ ಹೇಳುತ್ತಿರಲಿಲ್ಲ. ಇಬ್ಬಿಬ್ಬರನ್ನು ಜೊತೆ ಮಾಡಿ, ಒಂದು ಸಾಲು ತೆಂಗಿನ ಸಸಿಗಳನ್ನು ಅವರ ಸುಪರ್ದಿಗೆ ಕೊಟ್ಟು, 'ಇವಕ್ಕೆ ನೀರು ನಿಮ್ಮದು' ಎನ್ನುತ್ತಿದ್ದರು. ಬೆಳಿಗ್ಗೆ ಎಂಟೆಂಟು ಬಿಂದಿಗೆ. ಆ ಹಿರಿಯರು ಮನಶ್ಶಾಸ್ತ್ರವನ್ನು ಓದಿದವರಲ್ಲ. ಆದರೆ ಶ್ರಮ, ಬೆಳಗಿನ ಬಿಸಿಲು, ಒಬ್ಬ ಜೊತೆಗಾರ, ತನ್ನನ್ನೇ ನೆಚ್ಚಿಕೊಂಡ ಒಂದು ಜೀವ, ಇವಿಷ್ಟನ್ನೂ ಎಂಟು ಬಿಂದಿಗೆಯಲ್ಲಿ ಅಡಕಮಾಡಿದ್ದರು.

ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರನ್ನು ಇಲ್ಲಿ ಸ್ಮರಿಸದಿರಲಾದೀತೇ? ಮಕ್ಕಳಾಗಲಿಲ್ಲವೆಂಬ ಕೊರಗು, ಅದಕ್ಕೆ ಮಿಗಿಲಾಗಿ ಜನರ ಚುಚ್ಚುಮಾತು. ತಿಮ್ಮಕ್ಕನೂ ಪತಿ ಚಿಕ್ಕಯ್ಯನವರೂ ಹುಲಿಕಲ್ ಮತ್ತು ಕುದೂರಿನ ನಡುವಣ ರಸ್ತೆಯಲ್ಲಿ ಆಲದ ಸಸಿಗಳನ್ನು ನೆಟ್ಟು, ದೂರದಿಂದ ನೀರು ಹೊತ್ತು ಬೆಳೆಸಿದರು. ೩೮೫ ಮರಗಳೆಂದು ಲೆಕ್ಕ. ೨೦೧೯ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಪ್ರಶಸ್ತಿಗಳು ಬಂದದ್ದು ಬಹಳ ತಡವಾಗಿ; ನೀರು ಹೊತ್ತ ವರ್ಷಗಳಲ್ಲಿ ಅವರನ್ನು ಹಿಡಿದು ನಿಲ್ಲಿಸಿದ್ದು ಮರಗಳು ಮತ್ತು ಪರಸ್ಪರರ ಜೊತೆ.

ಮಾಡಬಹುದಾದದ್ದು ಹೆಚ್ಚಿನದೇನಲ್ಲ. ಬೆಳಗಿನ ಹೊತ್ತು ಕೆರೆಯ ಏರಿಯ ಮೇಲೆ ಅರ್ಧ ಗಂಟೆ ನಡೆಯಿರಿ, ಫೋನು ಮನೆಯಲ್ಲಿರಲಿ. ನಡೆಯುವಾಗ ಚಿಂತೆ ಬರುತ್ತದೆ, ಬರಲಿ. ಅದರೊಡನೆ ವಾದಕ್ಕಿಳಿಯದೆ ಕಣ್ಣಿಗೆ ಕಾಣುವುದನ್ನು ಒಂದೊಂದಾಗಿ ಹೆಸರಿಸುತ್ತ ಹೋಗಿ: ನೀರುಕೋಳಿ, ಜೊಂಡು, ತೂಬಿನ ಕಲ್ಲು, ಹೊಂಗೆಯ ಹೂ. ಉಸಿರನ್ನು ಎಳೆದುಕೊಂಡದ್ದಕ್ಕಿಂತ ಬಿಡುವುದನ್ನು ದೀರ್ಘಮಾಡಿ. ನಿಧಾನವಾದ ನಿಶ್ವಾಸವು ಹೃದಯದ ವೇಗವನ್ನು ತಗ್ಗಿಸುತ್ತದೆಂಬುದು ದೇಹದ ನಿಯಮ. ನಿತ್ಯ ಲಿಂಗಪೂಜೆಯಲ್ಲಿ ಅರೆಗಳಿಗೆ ಸ್ಥಿರವಾಗಿ ಕುಳಿತು ಅಭ್ಯಾಸವಿರುವವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಚಿಂತೆಗಳನ್ನು ಒಂದು ಹಾಳೆಯಲ್ಲಿ ಬರೆಯುವುದೂ ಒಳ್ಳೆಯದು. ನಾನು ಏನಾದರೂ ಮಾಡಬಹುದಾದವು ಒಂದು ಕಡೆ, ನನ್ನ ಕೈಯಲ್ಲಿಲ್ಲದವು ಇನ್ನೊಂದು ಕಡೆ. ಮೊದಲನೆಯ ಪಟ್ಟಿಯಿಂದ ಒಂದನ್ನು ಅಂದೇ ಮಾಡಿ ಮುಗಿಸಬೇಕು.

ಕಟ್ಟೆಯ ಗುಣ, ಕಟ್ಟೆಯ ದೋಷ

ಸಮುದಾಯವೆಂದೊಡನೆ ಕೈಮುಗಿದು ಹೊಗಳುವ ವಾಡಿಕೆಯಿದೆ. ಅರಳಿಕಟ್ಟೆ, ಭಜನೆ, ದಾಸೋಹ, ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗುವ ಮುಯ್ಯಾಳು ಪದ್ಧತಿ, ಇವುಗಳ ಉಪಕಾರ ದೊಡ್ಡದೇ. ಪಂಕ್ತಿಯಲ್ಲಿ ಕುಳಿತು ಉಂಡವನಿಗೆ, ಬಡಿಸಲು ನಿಂತವನಿಗೆ, ತಾನು ಲೋಕದಲ್ಲಿ ಒಬ್ಬಂಟಿಗನಲ್ಲವೆಂಬುದು ಮಾತಿಲ್ಲದೆಯೇ ತಿಳಿಯುತ್ತದೆ. ೧೯೫೦ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಎಂಬ ವೈದ್ಯರು ರೋಗಿಗಳ ಮನೆಯವರನ್ನೂ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿ ಇರಿಸಿಕೊಂಡರು. ರೋಗಿಗಳು ಬೇಗ ಗುಣಮುಖರಾದರು, ಮನೆಯವರ ಭಯವೂ ಹೋಯಿತು. ಭಾರತದ ಮನೋವೈದ್ಯಕ್ಕೆ ಈ ದಾರಿಯನ್ನು ತೋರಿಸಿದ್ದು ನಮ್ಮ ಕುಟುಂಬಗಳ ಶಕ್ತಿಯೇ.

ಆದರೆ ಅದೇ ಕಟ್ಟೆಯ ಮೇಲೆ ಕುಳಿತವರು 'ಅವನಿಗೆ ತಲೆ ಕೆಟ್ಟಿದೆಯಂತೆ' ಎಂದು ಪಿಸುಗುಟ್ಟುವುದೂ ಉಂಟು. ಮಗಳ ಮದುವೆಗೆ ಅಡ್ಡಿಯಾದೀತೆಂದು ತಾಯಿಯ ಚಿಕಿತ್ಸೆಯನ್ನೇ ಮುಚ್ಚಿಡುವ, ಕೆಲವೊಮ್ಮೆ ನಿಲ್ಲಿಸಿಯೇ ಬಿಡುವ ಮನೆಗಳಿವೆ. ಜನ ಏನೆಂದಾರು ಎಂಬ ಎರಡು ಶಬ್ದ ಎಷ್ಟು ಮಂದಿಯ ನಿದ್ರೆಯನ್ನು ಕೆಡಿಸಿಲ್ಲ? ಆತಂಕಪಟ್ಟವನು ಬಾಯಿ ಬಿಟ್ಟಾಗ ಕಥೆ ಕಟ್ಟದೆ, ಹೋಲಿಕೆ ಮಾಡದೆ, 'ನನಗೆ ಇದಕ್ಕಿಂತ ಹೆಚ್ಚಿನ ಕಷ್ಟ ಬಂದಿತ್ತು' ಎಂದು ಸ್ಪರ್ಧೆಗಿಳಿಯದೆ ಕೇಳಬಲ್ಲವರು ಊರಿಗೆ ಇಬ್ಬರಿದ್ದರೂ ಅದು ಪುಣ್ಯವಂತ ಊರು. ಸಾಲದ ಹೆದರಿಕೆಯನ್ನು ಸಾರಾಯಿಯಲ್ಲಿ ಮುಳುಗಿಸಲು ಕರೆದೊಯ್ಯುವ ಸ್ನೇಹಿತನೂ ಸಮುದಾಯವೇ ಎಂಬುದನ್ನು ನೆನಪಿಡಬೇಕು. ಮದ್ಯವು ಅಂದಿನ ರಾತ್ರಿ ಎದೆಬಡಿತವನ್ನು ಇಳಿಸಿ ಮರುದಿನ ಬೆಳಿಗ್ಗೆ ಇಮ್ಮಡಿಯಾಗಿ ಏರಿಸುತ್ತದೆ.

ಏರಿಯ ನಡಿಗೆಯೂ ಕಟ್ಟೆಯ ಮಾತೂ ಸಾಲದ ಘಟ್ಟವಿದೆ. ವಾರಗಟ್ಟಲೆ ನಿದ್ರೆಯಿಲ್ಲದಿದ್ದರೆ, ಕೆಲಸ ನಿಂತುಹೋದರೆ, ಊಟ ಸೇರದಿದ್ದರೆ, ಬದುಕೇ ಬೇಡವೆಂಬ ಮಾತು ಬಾಯಿಗೆ ಬಂದರೆ ಆಗ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಅವರು ಕೊಡುವ ಔಷಧಿಗಳಲ್ಲಿ ಹಲವು ಕೆಲಸ ತೋರಿಸಲು ಎರಡು ಮೂರು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ನಾಲ್ಕು ದಿನ ನುಂಗಿ ಗುಣವಿಲ್ಲವೆಂದು ಬಿಡಬಾರದು. ಅಂಗಡಿಯಲ್ಲಿ ಕೇಳಿ ತಂದ ನಿದ್ರೆಗುಳಿಗೆಯನ್ನು ತಿಂಗಳುಗಟ್ಟಲೆ ನುಂಗುವುದೂ ಸಲ್ಲದು, ಅದು ಚಟವಾಗಿ ಹಿಡಿದುಕೊಳ್ಳುತ್ತದೆ.

ಈ ವಿಷಯದಲ್ಲಿ ಕನ್ನಡ ನಾಡು ಹಿಂದುಳಿದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ೧೯೭೦ರ ದಶಕದಲ್ಲಿಯೇ ಸಕಲವಾರದಲ್ಲಿ ಗ್ರಾಮೀಣ ಕೇಂದ್ರವನ್ನು ತೆರೆದು, ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರೂ ಕಾರ್ಯಕರ್ತರೂ ಮಾನಸಿಕ ಕಾಯಿಲೆಗಳನ್ನು ನೋಡಬಲ್ಲರೆಂದು ತೋರಿಸಿತು. ೧೯೮೦ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ೧೯೯೬ರ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ೨೦೧೫–೧೬ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಗೆ ಮುನ್ನ ಪೂರ್ವಪರೀಕ್ಷೆ ನಡೆದದ್ದು ನೆರೆಯ ಕೋಲಾರ ಜಿಲ್ಲೆಯಲ್ಲಿ. ಆ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ ೧೦.೬ ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ ಮಾನಸ್ ಸೇವೆಗೆ ೧೪೪೧೬ ಸಂಖ್ಯೆಗೆ ಕರೆಮಾಡಿದರೆ ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಈ ಪುಟವನ್ನು ಓದಿದವರು ಆ ಸಂಖ್ಯೆಯನ್ನು ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡುವುದು ಒಳಿತು. ವಿನೋದ ಸಾಹಿತಿ ರಾಶಿ, ಎಂದರೆ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಬಂದಿತ್ತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳಂತೂ ಸಾಮಾನ್ಯ ಓದುಗರಿಗಾಗಿಯೇ ತಿಳಿಗನ್ನಡದಲ್ಲಿ ಬರೆದಂಥವು.

ಕಟ್ಟೆಯಿಲ್ಲದವರು

ಇಷ್ಟೆಲ್ಲ ಹೇಳುವಾಗ ಕಟ್ಟೆಯ ಮೇಲೆ ಎಂದೂ ಕೂರದವರನ್ನು ಮರೆಯಬಾರದು. ಅರಳಿಕಟ್ಟೆ ಗಂಡಸರದು. ಹುಳುಮನೆಯಲ್ಲಿ ಸೊಪ್ಪು ಹಾಕುವವಳು, ನಡುರಾತ್ರಿ ಏಳುವವಳು, ಸಂಘದ ಸಾಲದ ಕಂತನ್ನು ವಾರವಾರ ಹೊಂದಿಸುವವಳು ಹೆಣ್ಣುಮಗಳು. ಕಿರುಸಾಲ ಕಂಪನಿಗಳ ವಸೂಲಿಗಾರರ ಕಾಟ ತಾಳಲಾರದೆ ನಾಡಿನ ಹಲವೆಡೆ ಜನ ಊರು ಬಿಟ್ಟ, ಪ್ರಾಣ ಬಿಟ್ಟ ಸುದ್ದಿಗಳು ಬಂದ ಮೇಲೆ ೨೦೨೫ರ ಫೆಬ್ರವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಆ ಮನೆಗಳಲ್ಲಿ ಬಾಗಿಲು ಬಡಿದ ಸದ್ದಿಗೆ ಮೊದಲು ಬೆಚ್ಚಿದವರು ಯಾರೆಂದು ಹೇಳಬೇಕಾಗಿಲ್ಲ. ನಸುಕಿನಲ್ಲಿ ಕೆರೆಯ ಏರಿಯ ಮೇಲೆ ನಡೆಯಿರೆಂದು ಆಕೆಗೆ ಹೇಳುವುದು ಸುಲಭ. ಒಲೆ ಯಾರು ಹಚ್ಚಬೇಕು?

ಆದ್ದರಿಂದ ಮನೆಯ ಗಂಡಸರಲ್ಲಿ ಒಂದು ವಿನಂತಿ. ವಾರಕ್ಕೆ ಮೂರು ಸಂಜೆ ಅರ್ಧ ಗಂಟೆ ಅಡುಗೆಮನೆಯನ್ನೂ ಹುಳುಮನೆಯನ್ನೂ ನೀವು ವಹಿಸಿಕೊಳ್ಳಿ. ಆಕೆ ನೆರೆಯವರೊಂದಿಗೆ ತೋಪಿನವರೆಗೆ ಹೋಗಿ ಬರಲಿ. ಸ್ತ್ರೀಶಕ್ತಿ ಸಂಘಗಳ ತಾಯಂದಿರಲ್ಲಿ ಇನ್ನೊಂದು: ನಿಮ್ಮ ವಾರದ ಸಭೆಯಲ್ಲಿ ಲೆಕ್ಕದ ಪುಸ್ತಕ ಮುಚ್ಚಿದೊಡನೆ ಎದ್ದು ಹೋಗಬೇಡಿ. ಮರದ ಕೆಳಗೆ ಇನ್ನರ್ಧ ಗಂಟೆ ಕುಳಿತಿರಿ. ಮೊದಲ ಒಂದೆರಡು ವಾರ ಯಾರೂ ಏನೂ ಹೇಳುವುದಿಲ್ಲ, ಬೇರೆಯವರ ಮನೆಯ ಮಾತೇ ನಡೆಯುತ್ತದೆ. ಮೂರನೆಯ ವಾರವೋ ನಾಲ್ಕನೆಯ ವಾರವೋ ಒಬ್ಬಾಕೆ, 'ಅಕ್ಕಾ, ನನಗೆ ರಾತ್ರಿ ನಿದ್ದೆ ಬರ್ತಾ ಇಲ್ಲ' ಎನ್ನುತ್ತಾಳೆ. ಆಗ ಯಾರೂ ಎದ್ದು ಹೋಗದಿರಲಿ.